ಮುಂದಿನ ಟೈರು, ಹಿಂದಿನ ಟೈರು ಮತ್ತು ನನ್ನ ಷಡ್ಡಕ

ನನ್ನ ಬದುಕಿನಲ್ಲಿ ನಾನೇ ಸ್ವಂತ ಬುದ್ಧಿಯಿಂದ ಆರಿಸಿಕೊಂಡ ವಸ್ತುಗಳು ಬಹಳ ಕಡಿಮೆ. ಹೆಸರು ಅಜ್ಜನದು. ನೌಕರಿ ಕಾಕಾನ ಶಿಫಾರಸಿನದು. ಹೆಂಡತಿಯನ್ನು ಅವ್ವ ಒಬ್ಬಳೇ ನೋಡಿ ಬಂದು, “ಹುಡುಗಿ ಛಲೋ ಅದಾಳ, ನೀ ಮತ್ತ ಹೋಗಿ ನೋಡೂದೇನೂ ಬ್ಯಾಡ” ಎಂದಳು. ಅವಳು ಹೇಳಿದ್ದು ಖರೆಯೇ ಆದ್ದರಿಂದ ಈ ವಿಷಯದಲ್ಲಿ ನನ್ನ ತಕರಾರಿಲ್ಲ. ತಲೆಗೆ ಹಚ್ಚುವ ಎಣ್ಣೆ ಯಾವುದೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಗೂಡಿನಲ್ಲಿ ಇದ್ದದ್ದನ್ನು ಹಚ್ಚಿಕೊಳ್ಳುತ್ತೇನೆ. ಇಂಥ ಮನುಷ್ಯ ಮೂವತ್ತು ದಾಟಿದ ಮೇಲೆ ಒಂದು ಜೊತೆ ಸೈಕಲ್ ಟೈರನ್ನು ತಾನೇ ಆರಿಸಬೇಕಾಗಿ ಬಂದಾಗ ಅದಕ್ಕೆ ಇಡೀ ಆಷಾಢ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಾನು ಬಾಗಲಕೋಟೆಯಲ್ಲಿ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸದಲ್ಲಿದ್ದೆ. ಊರೊಳಗಿನ ಓಣಿಗಳ ಕಲ್ಲು, ಊರ ಹೊರಗಿನ ಪಂಪುಸೆಟ್ಟುಗಳ ದಾರಿಯ ಜಾಲಿಮುಳ್ಳು, ಎರಡನ್ನೂ ನನ್ನ ಸೈಕಲ್ಲು ದಿನಾ ತುಳಿಯಬೇಕು. ಇದು ಸರಕಾರಿ ಸೇವೆ. ಮನೆಯ ಸೇವೆ ಬೇರೆ: ಹ್ಯಾಂಡಲ್ಲಿಗೆ ನೀರಿನ ಕೊಡ, ಕ್ಯಾರಿಯರಿಗೆ ಗಿರಣಿಗೆ ಹೋಗುವ ಜೋಳದ ಡಬ್ಬಿ, ಒಮ್ಮೊಮ್ಮೆ ಡಬ್ಬಿಯ ಜಾಗದಲ್ಲಿ ಹೆಂಡತಿ ನೀಲವ್ವ. ಇಷ್ಟಕ್ಕೆಲ್ಲ ಬೇಕಾದದ್ದು ಎಮ್ಮೆಯ ತೊಗಲಿನಂಥ ದಪ್ಪ ಟೈರು. ಅದರಲ್ಲಿ ವಾದವಿಲ್ಲ.

ವಾದ ಬಂದದ್ದು ರೇಸಿನಿಂದ. ಶ್ರಾವಣದ ಕಡೆಯ ಶನಿವಾರ ನಮ್ಮ ಊರಿನ ತರುಣರು ಬಾಗಲಕೋಟೆಯಿಂದ ತುಳಸಿಗೇರಿ ಹನುಮಪ್ಪನ ಗುಡಿಯವರೆಗೆ ಸೈಕಲ್ ರೇಸ್ ಇಡುತ್ತಿದ್ದರು. ಹಿಂದಿನ ವರ್ಷ ಅದರಲ್ಲಿ ನಾನೂ ಇದ್ದೆ, ನನ್ನ ಷಡ್ಡಕ ಶಂಕ್ರಪ್ಪನೂ ಇದ್ದ. ಶಂಕ್ರಪ್ಪ ನೀಲವ್ವನ ತಂಗಿಯ ಗಂಡ. ಇಳಕಲ್ ಸೀರೆಯ ಅಂಗಡಿ ಇಟ್ಟವನು. ದಿನವಿಡೀ ಗಾದಿಯ ಮೇಲೆ ಕೂಡುವ ಆ ಮನುಷ್ಯ ಮೂರನೆಯವನಾಗಿ ಬಂದು ಒಂದು ಸ್ಟೀಲಿನ ತಾಟು ಗೆದ್ದ. ದಿನವಿಡೀ ಸೈಕಲ್ ತುಳಿಯುವ ನಾನು ಮುಟ್ಟುವ ಹೊತ್ತಿಗೆ ಬಹುಮಾನ ಹಂಚಿ, ಪ್ರಸಾದವೂ ಮುಗಿದಿತ್ತು. ಅದಾದರೂ ನುಂಗಬಹುದಿತ್ತು. ಆದರೆ ದೀಪಾವಳಿಗೆ ಕಮತಗಿಯ ಮಾವನ ಮನೆಗೆ ಹೋದಾಗ ಅತ್ತೆಯವರು ನನಗೆ ಶಂಕ್ರಪ್ಪ ತಂದುಕೊಟ್ಟಿದ್ದ ಅದೇ ತಾಟಿನಲ್ಲಿ ಹೋಳಿಗೆ ಬಡಿಸಿದರು. “ನಮ್ಮ ಸಣ್ಣ ಅಳ್ಯಾ ಗೆದ್ದದ್ರಿ ಇದು. ಇನ್ನೊಂದು ನೀಡ್ಲ್ಯಾ?” ಎಂದು ಕೇಳಿದರು. ಇನ್ನೊಮ್ಮೆ ಎಷ್ಟನೆಯವನಾಗಿಯಾದರೂ ಬರಲಿ, ಶಂಕ್ರಪ್ಪನಿಗಿಂತ ಮುಂದೆ ಬರಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಸೋತವನು ತನ್ನ ಕಾಲನ್ನು ಬಯ್ದುಕೊಳ್ಳುವುದಿಲ್ಲ, ಟೈರನ್ನು ಬಯ್ಯುತ್ತಾನೆ. ಶಂಕ್ರಪ್ಪನ ಸೈಕಲ್ಲಿಗೆ ಹುಬ್ಬಳ್ಳಿಯಿಂದ ತರಿಸಿದ ತೆಳು ರೇಸ್ ಟೈರುಗಳಿದ್ದವು. ನಾನು ಸೈಕಲ್ ಅಂಗಡಿಯ ರಾಜೇಸಾಬರ ಹತ್ತಿರ ಹೋಗಿ ಕೂತೆ. ರಾಜೇಸಾಬರು ಸಜ್ಜನರು. ಗಿರಾಕಿ ಏನಂದರೂ ಹೌದನ್ನುವುದು ಅವರ ಸ್ವಭಾವ. “ತೆಳು ಟೈರ್ ಹಗುರ ಓಡ್ತೈತಲ್ರಿ?” ಎಂದರೆ, “ಗಾಳಿ ಹಂಗ ಓಡ್ತೈತ್ರಿ” ಎನ್ನುವರು. “ಆದ್ರ ಮುಳ್ಳಿಗೆ ತಡಿಯೂದಿಲ್ಲ ಅಂತಾರ?” ಎಂದರೆ, “ಮುಳ್ಳ ನೋಡಿದ್ರನ ಪಂಕ್ಚರ್ ಆಕ್ಕೈತ್ರಿ” ಎನ್ನುವರು. “ಹಂಗಾದ್ರ ದಪ್ಪನ್ನ ಹಾಕ್ಲೇನು?” “ದಪ್ಪನ್ನಂದ್ರ ದಪ್ಪನ್ನರಿ, ಮೊಮ್ಮಕ್ಕಳ ತನಕ ಬರ್ತೈತಿ.” “ರೇಸಿಗೆ?” “ರೇಸಿಗೆ ನಡಿಯೂದಿಲ್ರಿ.” ಹೀಗೆ ಆಷಾಢದ ಎಷ್ಟೋ ಸಂಜೆಗಳು, ಎಷ್ಟೋ ಕಪ್ ಚಹಾ ಕಳೆದವು. ಒಂದು ದಿನ ನೀಲವ್ವನೇ ಕೇಳಿದಳು: “ನನ್ನ ನೋಡಾಕ ಒಂದ್ ದಿನಾನೂ ಬಂದಿರಲಿಲ್ಲ ನೀವು. ಆ ಟೈರಿನ ಜಾತಕಾ ಕೂಡಿ ಬರವಲ್ತೇನು?”

ಕೊನೆಗೆ ಒಂದು ಮಧ್ಯಮ ಮಾರ್ಗ ನನಗೆ ಹೊಳೆಯಿತು. ನನ್ನ ರಿಮ್ಮಿಗೆ ಕೂಡುವ ತೆಳು ಟೈರು ಮುಂದಿನ ಗಾಲಿಗೆ, ಅದು ರೇಸಿಗೆ. ದಪ್ಪ ಟೈರು ಹಿಂದಿನ ಗಾಲಿಗೆ. ಅದು ಜೋಳದ ಡಬ್ಬಿಗೆ ಮತ್ತು ನೀಲವ್ವನಿಗೆ. ರಾಜೇಸಾಬರು “ಇದು ಎಲ್ಲಾಕಿಂತ ಬೇಷಾತ್ರಿ” ಎಂದರು. ಓಣಿಯವರು “ಮುಂದ ಕುದುರಿ, ಹಿಂದ ಎಮ್ಮಿ ಕಟ್ಯಾರ” ಎಂದರು. ನನಗೆ ಮಾತ್ರ ಬಹಳ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ನಾನು ತಪ್ಪಿದೆ. “ಶನಿವಾರ ತುಳಸಿಗೇರಿಗೆ ಹೊಂಟೇನಿ” ಎಂದು ಮೀಟರ್ ಓದಲು ಹೋದ ಮನೆಮನೆಯಲ್ಲೂ ಹೇಳಿಕೊಂಡು ಬಂದೆ.

ನಮ್ಮ ಕಡೆ ಯಾರಾದರೂ ದೇವರ ಊರಿಗೆ ಹೊರಟರೆಂದರೆ ಅವರು ತಮ್ಮೊಬ್ಬರಿಗಾಗಿ ಹೋಗುವುದಿಲ್ಲ. ಶನಿವಾರ ಬೆಳಿಗ್ಗೆ ನಾನು ಟೈರಿಗೆ ಗಾಳಿ ಹೊಡೆಯುತ್ತಿರುವಾಗ ಎದುರುಮನೆಯ ಗಂಗವ್ವ ತೆಂಗಿನಕಾಯಿ ಹಿಡಿದು ಬಂದಳು. “ಹೆಂಗೂ ಹೊಂಟೀರಿ, ನಂದೂ ಒಂದ್ ಕಾಯಿ ಒಡಸ್ಕೊಂಡ ಬರ್ರಿ.” ನಾನು, “ರೇಸ್ ಐತಬೇ” ಎಂದೆ. “ಇರ್ಲಿ ಬಿಡ್ರಿ. ಹನುಮಪ್ಪಗ ಅವಸರಿಲ್ಲ” ಎಂದಳು. ದೇವರ ಕಾಯಿಗೆ ಒಲ್ಲೆ ಎನ್ನುವ ಎದೆಗಾರಿಕೆ ನನಗಿಲ್ಲ. ಅವಳ ಹಿಂದೆ ಉಳಿದವರು ಬಂದರು. ಒಡೆದ ಹೋಳು ಅದಲುಬದಲಾಗಬಾರದೆಂದು ಒಬ್ಬರು ಕಾಯಿಗೆ ಅರಿಷಿಣ ಹಚ್ಚಿದರೆ ಇನ್ನೊಬ್ಬರು ಕೆಂಪು ದಾರ ಕಟ್ಟಿದರು. ಜೊತೆಗೆ ದೀಪದ ಎಣ್ಣೆಯ ಶೀಸೆ. ನೀಲವ್ವ ಎಲ್ಲವನ್ನೂ ಚೀಲಕ್ಕೆ ತುಂಬಿ ಕ್ಯಾರಿಯರಿಗೆ ಬಿಗಿದಳು. ರೇಸ್ ಹೊರಡುವಲ್ಲಿಗೆ ಶಂಕ್ರಪ್ಪ ಬರಿಗೈಯಲ್ಲಿ ಬಂದಿದ್ದ. ವ್ಯಾಪಾರಸ್ಥ, ಮಾಲು ನೋಡಲು ಹೋಗುತ್ತೇನೆಂದು ತನ್ನ ಓಣಿಯವರಿಗೆ ಹೇಳಿದ್ದನಂತೆ. ನನ್ನ ಚೀಲ ನೋಡಿ, “ಅಣ್ಣಾರ, ರೇಸೋ ಸಂತಿಯೋ?” ಎಂದು ನಕ್ಕ.

ಸೀಟಿ ಊದಿದರು. ಗದ್ದನಕೇರಿ ಕ್ರಾಸ್ ಮುಟ್ಟುವುದರೊಳಗೆ ಶಂಕ್ರಪ್ಪನ ಬೆನ್ನೂ ಕಾಣದಾಯಿತು. ಕಾಯಿಗಳು ಗುಡುಗುಡು ಎನ್ನುತ್ತಿದ್ದವು. ಎಣ್ಣೆ ಸೋರಿ ಪ್ಯಾಂಟಿಗೆ ಹತ್ತಿತ್ತು. ಮುಂದಿನ ಟೈರು ಓಡೋಣವೆಂದರೆ ಹಿಂದಿನದು ಒಲ್ಲೆನ್ನುತ್ತಿತ್ತು. ನನಗೆ ಅಳು ಬರುವಷ್ಟು ಬೇಸರವಾಗಿತ್ತು. ಅಷ್ಟರಲ್ಲಿ ರಸ್ತೆಯ ಬದಿಗೆ, ಜಾಲಿಮರದ ಕೆಳಗೆ, ಸೈಕಲ್ ಹಿಡಿದು ನಿಂತ ಶಂಕ್ರಪ್ಪ ಕಂಡ. ಅವನ ಎರಡೂ ಟೈರು ನೆಲಕ್ಕೆ ಅಂಟಿದ್ದವು. ಸುಳ್ಳೇಕೆ ಹೇಳಲಿ, ನನಗೆ ಬಹಳ ಸಂತೋಷವಾಯಿತು. ಮುಂದೆ ತುಳಿದೆ. ಅವನು ಕೂಗಿದ: “ನಡೀರಿ ಅಣ್ಣಾರ, ನಿಲ್ಲಬ್ಯಾಡ್ರಿ! ಈ ವರ್ಷ ನಿಮ್ಮ ಪಾಳಿ!”

ಆ ಮಾತು ಅವನು ಆಡಬಾರದಿತ್ತು. ಬಯ್ದಿದ್ದರೆ, ಇಲ್ಲವೆ ಸುಮ್ಮನೆ ಮುಖ ತಿರುವಿದ್ದರೆ ನಾನು ನೆಟ್ಟಗೆ ಗುಡಿ ಮುಟ್ಟುತ್ತಿದ್ದೆ. ಬೆವರು ಒರೆಸಿಕೊಳ್ಳುತ್ತ, ಖರೆಖರೆ ಮನಸ್ಸಿನಿಂದ ನನ್ನನ್ನು ಕಳಿಸಿಕೊಡುವ ಷಡ್ಡಕನನ್ನು ಬಿಸಿಲಲ್ಲಿ ಬಿಟ್ಟು ಹೋಗುವುದು ಹೇಗೆ? ಬ್ರೇಕು ಹಿಡಿದೆ. ಅವನ ಸೈಕಲ್ಲನ್ನು ಹತ್ತಿರದ ಹೊಲದವರ ಗುಡಿಸಲಿನಲ್ಲಿ ಬಿಟ್ಟೆವು. “ಹಿಂದ ಕುಂಡ್ರು” ಎಂದೆ. “ಕಾಯಿ ಅದಾವಲ್ರಿ. ದೇವರ ಕಾಯಿ ಮ್ಯಾಲ ಕುಂದ್ರಾಕ ಬರ್ತೈತೇನ್ರಿ?” ಎಂದ. ಇಳಿಸಿ ನೆಲಕ್ಕಿಡುವಂತೆಯೂ ಇಲ್ಲ. ಕೊನೆಗೆ ಅವನು ಸೀಟಿನ ಮುಂದಿನ ದಂಡಿಗೆಯ ಮೇಲೆ ಅಡ್ಡ ಕೂತ. ಹೀಗೆ ಒಬ್ಬ ಷಡ್ಡಕ ಮತ್ತು ಓಣಿಯ ಅಷ್ಟೂ ಕಾಯಿಗಳೊಂದಿಗೆ ನಾನು ಎಲ್ಲರಿಗಿಂತ ಕಡೆಗೆ ತುಳಸಿಗೇರಿ ಮುಟ್ಟಿದೆ. ಮುಂದಿನ ಟೈರೂ ಪಂಕ್ಚರ್ ಆಗಲಿಲ್ಲ, ಹಿಂದಿನದೂ ಆಗಲಿಲ್ಲ. ನನ್ನ ಆಯ್ಕೆಯಲ್ಲಿ ದೋಷವಿರಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಮಹಾನವಮಿಗೆ ಕಮತಗಿಯಲ್ಲಿ ಎಲ್ಲರೂ ಸೇರಿದಾಗ ಶಂಕ್ರಪ್ಪ ಈ ಕಥೆಯನ್ನು ನನ್ನ ಗುಣಗಾನ ಮಾಡುತ್ತಲೇ ಹೇಳಿದ. ಅತ್ತೆಯವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು: “ಗುಡಿ ಹತ್ರದ ಗೆರಿ ದಾಟೂವಾಗ ಯಾರು ಮುಂದಿದ್ರಿ?” ಶಂಕ್ರಪ್ಪ ಸುಳ್ಳು ಹೇಳುವವನಲ್ಲ. “ಮುಂದ ನಾನ ಕುಂತಿದ್ನಿರಿ” ಎಂದ. “ಹಂಗಾದ್ರ ಈ ವರ್ಷಾನೂ ಸಣ್ಣ ಅಳ್ಯಾನ ಮುಂದ, ಒಂದು ಗೇಣು” ಎಂದು ಅವರು ತೀರ್ಪು ಕೊಟ್ಟರು. ಆ ತೀರ್ಪು ಆ ಮನೆಯಲ್ಲಿ ಇಂದಿಗೂ ಬದಲಾಗಿಲ್ಲ.

ಮನೆಗೆ ಬಂದ ಮೇಲೆ ನಾನು ನೀಲವ್ವನೆದುರು ನ್ಯಾಯ ತೆಗೆದೆ: “ಅವಗಿಂತ ಮೊದಲ ಗೆರಿ ದಾಟಿದ್ದು ಮುಂದಿನ ಗಾಲಿ. ಆ ಗಾಲಿ ನಂದು. ಟೈರ್ ಆರಿಸಿದಾಂವಾ ನಾನು.” ಅವಳು ನಗಲಿಲ್ಲ, ಜೋಳದ ಡಬ್ಬಿ ತಂದು ಕ್ಯಾರಿಯರ್ ಮೇಲಿಟ್ಟಳು. “ಖರೆ ಐತ್ರಿ. ಹಾರ ಟೈರಿಗೆ ಹಾಕೂಣಂತ. ನೀವು ಗಿರಣಿ ಮುಚ್ಚೂದ್ರಾಗ ಹೋಗಿ ಬರ್ರಿ.”

ಹೋದೆ. ಮುಂದಿನ ಟೈರು ಮೊದಲು ಮುಟ್ಟಿತು. ನಾನು ಅದರ ಹಿಂದೆ ಮುಟ್ಟಿದೆ.