ಅವ್ವನ ತವರೂರು ಮುಚ್ಚಿಟ್ಟ ಪ್ರಸಂಗ

ಕಂಪ್ಯೂಟರಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಮಳಖೇಡದ ಸಿಮೆಂಟ್ ಕಾರ್ಖಾನೆಯಲ್ಲಿ ದಿನವಿಡೀ ನಾನು ಲಾರಿ ತೂಗುವುದು ಕಂಪ್ಯೂಟರಿನಲ್ಲೇ! ಆ ಧೈರ್ಯದ ಮೇಲೆ, ನನ್ನ ಹೆಂಡತಿ ಸಂಗಮ್ಮ ಹೊಸ ಹೊಲಿಗೆ ಯಂತ್ರಕ್ಕೆಂದು ಕೂಡಿಸಿಟ್ಟಿದ್ದ ಚೀಟಿ ಹಣವನ್ನು ಫೋನಿನ ಆ್ಯಪೊಂದರ ಮೂಲಕ ಕ್ರಿಪ್ಟೊ ಎಂಬ ಕಂಪ್ಯೂಟರ್ ನಾಣ್ಯದಲ್ಲಿ ಹಾಕಿದ್ದೆ. ಒಂದಲ್ಲ, ಎರಡು ಯಂತ್ರ ಕೊಡಿಸುತ್ತೇನೆಂದು ಮಾತೂ ಕೊಟ್ಟಿದ್ದೆ.

ಒಂದು ಭಾನುವಾರ ಆ ಆ್ಯಪಿನವರಿಂದ ಸಂದೇಶ ಬಂತು. ಕಳ್ಳರು ಅವರ ಕಂಪ್ಯೂಟರಿಗೆ ನುಗ್ಗಿ ಗ್ರಾಹಕರ ಮಾಹಿತಿಯನ್ನೆಲ್ಲ ಕದ್ದಿದ್ದರಂತೆ. ಪಾಸ್‌ವರ್ಡ್ ಬದಲಿಸಿ, ಗುಟ್ಟಿನ ಪ್ರಶ್ನೆಗಳಿಗೆ ಯಾರಿಗೂ ತಿಳಿಯದ ಉತ್ತರ ಕೊಡಬೇಕಂತೆ.

ಮೊದಲನೇ ಪ್ರಶ್ನೆ, ತಾಯಿಯ ತವರೂರು ಯಾವುದು? ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ಇದೂ ಒಂದು ಗುಟ್ಟೇ? ಸೇಡಂ ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಹೆಸರಿಗಿಂತ ಮೊದಲು ಅವ್ವನ ತವರು ಕೇಳುತ್ತಾರೆ. ಇಲ್ಲೇ ಹತ್ತಿರದ ಮುಧೋಳ ಎಂದರೆ ಸಾಕು, ಇಳಿಯುವಷ್ಟರಲ್ಲಿ ನೆಂಟರಾಗಿರುತ್ತಾರೆ. ಮನೆದೇವರು, ಮೊದಲ ಗುರುಗಳು, ಅವೂ ಊರಿಗೆಲ್ಲ ಗೊತ್ತಿದ್ದದ್ದೇ. ಆದ್ದರಿಂದ ಎಲ್ಲಕ್ಕೂ ಧಾರಾಳವಾಗಿ ಸುಳ್ಳು ತುಂಬಿದೆ. ಎಲ್ಲಿಯೂ ಬರೆದಿಡಬೇಡಿ ಎಂದಿದ್ದರು, ಬರೆದಿಡಲಿಲ್ಲ. ನನ್ನ ಜಾಣತನಕ್ಕೆ ನಾನೇ ದೃಷ್ಟಿ ತೆಗೆದುಕೊಳ್ಳಬೇಕು ಅನ್ನಿಸಿತು.

ಕೆಲವು ದಿನಗಳಲ್ಲಿ ಹೊಸ ಪಾಸ್‌ವರ್ಡ್ ಮರೆತೆ. ಚಿಂತೆಯಿಲ್ಲ ಎಂದು ಮನೆಯವರನ್ನೆಲ್ಲ ಕೂರಿಸಿಕೊಂಡು, ಸ್ಪೀಕರ್ ಹಾಕಿ ಸಹಾಯವಾಣಿಗೆ ಫೋನ್ ಮಾಡಿದೆ. ಹುಡುಗಿಯೊಬ್ಬಳು ತಾಯಿಯ ತವರೂರು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೆಮ್ಮೆಯಿಂದ ಮುಧೋಳ ಎಂದಳು.

ತಪ್ಪು ಎಂದಳು ಹುಡುಗಿ.

ಅವ್ವ ನನ್ನ ಮುಖ ನೋಡಿದಳು. ನಾನು ಫೋನ್ ನೋಡುತ್ತಾ ಚಿಂಚೋಳಿ ಎಂದೆ. ತಪ್ಪು. ಶಹಾಬಾದ ಎಂದೆ. ಅದೂ ತಪ್ಪು! ವಾಡಿ ಎಂದಾಗ ದನಿ ನನಗೇ ಕೇಳಿಸಲಿಲ್ಲ.

"ಮುಧೋಳ ಅನ್ಲಾಕ ನಾಚ್ಕಿ ಬಂತೇನು ನಿನಗ?" ಎಂದಳು ಅವ್ವ. "ಅಲ್ಲಿ ರೊಟ್ಟಿ ತಿಂದೇ ಇಷ್ಟ್ ಉದ್ದ ಬೆಳದಿ."

ಸಂಗಮ್ಮ ಮಾತ್ರ ಭಾಳ ಸಮಾಧಾನದಿಂದ ಕೇಳಿದಳು. "ನನಗ ಹೇಳೋ ಸುಳ್ಳೆಲ್ಲಾ ಚಂದಾಗಿ ನೆನಪಿರ್ತಾವ. ಇದೊಂದು ಹ್ಯಾಂಗ ಮರತ್ರಿ?"

ಉತ್ತರ ಕೊಡುವ ಕಷ್ಟವನ್ನು ಫೋನಿನ ಹುಡುಗಿಯೇ ತಪ್ಪಿಸಿದಳು. ಖಾತೆಗೆ ಕಾಯಂ ಬೀಗ ಬಿದ್ದಿದೆ, ಇನ್ನು ಅದಕ್ಕೆ ಯಾರೂ ಕೈ ಹಾಕಲಾರರು, ಸುರಕ್ಷತೆಗೆ ನೀವು ಕೊಟ್ಟ ಸಹಕಾರಕ್ಕೆ ಧನ್ಯವಾದ ಎಂದಳು!

ಅವ್ವ ಮಾತು ಬಿಟ್ಟಿದ್ದಾಳೆ. ಸಂಗಮ್ಮ ಹಳೆಯ ಯಂತ್ರವನ್ನೇ ತುಳಿಯುತ್ತಿದ್ದಾಳೆ. ಆ ಕಳ್ಳರಲ್ಲಿ ನನ್ನದೊಂದೇ ವಿನಂತಿ. ಮತ್ತೊಮ್ಮೆ ನುಗ್ಗುವುದಾದರೆ ದಯವಿಟ್ಟು ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿ.