ರಟ್ಟಿನ ಕೊಳವೆಯಲ್ಲಿ ಅತ್ತೆಯ ಬದನೆ

ಕೆಲವರಿಗೆ ಚಿಂತೆ ಮಾಡಲು ಕಾರಣ ಬೇಕಾಗುತ್ತದೆ. ನನಗೆ ಬೇಡ. ಬಸ್ಸು ಬರದಿದ್ದರೆ ಬರಲಿಲ್ಲವೆಂದು, ಬಂದರೆ ಇಷ್ಟು ಲಗೂನೆ ಯಾಕೆ ಬಂತೆಂದು ಒದ್ದಾಡುವ ಪೈಕಿ ನಾನು. ಅಂಥವನ ಕೈಗೆ ನನ್ನ ಅತ್ತೆ ತಮ್ಮ ಬದನೆ ಬೀಜ ಕೊಟ್ಟದ್ದು ಅವರ ಧೈರ್ಯ. ತಮ್ಮೂರು ಅಗಡಿಯ ಹಿತ್ತಲಲ್ಲಿ ಅವರು ವರ್ಷ ವರ್ಷ ಬೀಜ ಹಿಡಿದು ಉಳಿಸಿಕೊಂಡು ಬಂದ ಮುಳ್ಳುಬದನೆ ಅದು. ಅದರ ಎಣ್ಣೆಗಾಯಿ ತಿಂದ ಮೇಲೆಯೇ ನಾನು ಈ ಸಂಬಂಧಕ್ಕೆ ಹೂಂ ಅಂದೆನೆಂದು ಹೆಂಡತಿ ಶಕುಂತಲಾ ಹಂಗಿಸುತ್ತಾಳೆ, ಪೂರ್ತಿ ಸುಳ್ಳಲ್ಲ. ಈಗ ಮೊಣಕಾಲು ನೋವಿನಿಂದ ಅತ್ತೆಗೆ ಬಗ್ಗಲಾಗದು. ಬೀಜಕ್ಕೂ ಹುಳ ಬಿದ್ದು ಉಳಿದದ್ದು ಒಂದು ಚಿಟಿಕೆ. ಬೂದಿ ಬೆರೆಸಿದ ಆ ಚಿಟಿಕೆಯನ್ನು ನನಗೆ ಕೊಟ್ಟು, "ಇಷ್ಟ ಉಳದಾವ ನೋಡ್ರಿ ಅಳ್ಯಾರ. ಇವು ಹೋದ್ರ ನಮ್ಮ ಬದನಿ ಹೋದಂಗ," ಎಂದರು. ನಮ್ಮೂರು ರಾಣೆಬೆನ್ನೂರು ಮುಟ್ಟುವವರೆಗೆ ನಾನು ಅಂಗಿಯ ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ. ಬಸ್ಸಿನಲ್ಲಿ ಪಕ್ಕದವರು, ಎದೆ ನೋವೇನೋ ಎಂದುಕೊಂಡು, ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಬಿಸಾಡುವ ರಟ್ಟಿನ ಕೊಳವೆಯ ತುಂಡುಗಳಲ್ಲಿ ಮಣ್ಣು ತುಂಬಿ ಬೀಜ ಹಾಕಿದರೆ ಸಸಿಯನ್ನು ಕೊಳವೆ ಸಮೇತ ನೆಡಬಹುದು, ಬೇರಿಗೆ ಪೆಟ್ಟಾಗುವುದಿಲ್ಲ ಎಂದು ಯಾವುದೋ ಪುರವಣಿಯಲ್ಲಿ ಓದಿದ್ದೆ. ಪೆಟ್ಟಾಗುವುದಿಲ್ಲ ಎಂಬ ಮಾತು ನನ್ನಂಥವನಿಗೆ ಅಮೃತ. ಬಟ್ಟೆ ಅಂಗಡಿಯ ಗೆಳೆಯನಿಂದ ಥಾನು ಸುತ್ತಿ ಬರುವ ಕೊಳವೆಗಳನ್ನು ಬೇಡಿ ತಂದು, ಗರಗಸದಲ್ಲಿ ಕೊಯ್ದು, ಹಳೆಯ ಅಗಲ ತಟ್ಟೆಯಂಥ ಪರಾತದಲ್ಲಿ ಒತ್ತಾಗಿ ನಿಲ್ಲಿಸಿ, ಮಣ್ಣು ತುಂಬಿ ಬೀಜ ಊರಿ, ಮುಂಬಾಗಿಲ ಕಟ್ಟೆಯ ಮೇಲೆ ಮಲ್ಲಿಗೆ ಗಿಡದ ಪಕ್ಕ ಇಟ್ಟೆ. ಮೊಳಕೆ ಬಂತೇ ಎಂದು ದಿನಾ ಕಡ್ಡಿಯಿಂದ ಕೆದಕಿ ನೋಡುತ್ತಿದ್ದೆ ಎಂಬುದು ಶಕುಂತಲಾಳ ಆರೋಪ. ದಿನಾ ಅಲ್ಲ.

ನಿಜವಾದ ಗಂಡಾಂತರ ಬಂದದ್ದು ನಮ್ಮ ಸಂಸ್ಕಾರದಿಂದ. ನಮ್ಮ ಕಡೆ ಯಾರೇ ಬರಲಿ, ಮೊದಲು ತುಂಬಿದ ತಂಬಿಗೆ ನೀರು ಕೊಡಬೇಕು. ಕುಡಿದು ಉಳಿದದ್ದನ್ನು ದೊಡ್ಡವರು ಗಟಾರಕ್ಕೆ ಚೆಲ್ಲುವುದಿಲ್ಲ, ಗಿಡದ ಬುಡಕ್ಕೆ ಹಾಕುತ್ತಾರೆ. ಇಷ್ಟು ದಿನ ಮಲ್ಲಿಗೆಗೆ ಹೋಗುತ್ತಿದ್ದ ಈ ಪುಣ್ಯವೆಲ್ಲ ಈಗ ನನ್ನ ಕೊಳವೆಗಳ ಪಾಲಾಯಿತು. ಬೇಡವೆನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ, "ಪಾಪ, ಒಣಗ್ಯಾವು," ಎನ್ನುತ್ತ ಸುರಿದಿರುತ್ತಿದ್ದರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಿಂದ ಕೆಮ್ಮುತ್ತ ಬರುವ ಗೆಳೆಯನೊಬ್ಬ ಮಾತ್ರ ತಂಬಿಗೆ ಬರಿದು ಮಾಡುತ್ತಿದ್ದ. ಉಳಿದವರ ಗಂಟಲನ್ನೇ ನಾನು ನೋಡುತ್ತ ಕೂಡುತ್ತಿದ್ದೆ. ಇನ್ನೊಂದು ಗುಟುಕು, ಇನ್ನೊಂದು ಗುಟುಕು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಈ ನಡುವೆ ಅತ್ತೆ ಕಾಯಿನ್ ಬಾಕ್ಸಿನಿಂದ ಫೋನು ಮಾಡಿ, ಹುಟ್ಟಿದವೇ ಎಂದು ಕೇಳುತ್ತಿದ್ದರು. ಹುಟ್ಟಾಕತ್ತಾವ್ರಿ ಎನ್ನುತ್ತಿದ್ದೆ. ಇತ್ತ ಕೊಳವೆಗಳು ನೀರು ಕುಡಿದು ಸುರುಳಿ ಸುರುಳಿ ಬಿಚ್ಚಿಕೊಂಡು, ಬೂಸ್ಟು ಹಿಡಿದು, ಒಂದರ ಮೇಲೊಂದು ಒರಗಿದ್ದವು. ನಿದ್ದೆಗೆಟ್ಟು ಒಂದು ಉಪಾಯ ಮಾಡಿದೆ: ಬಂದವರಿಗೆ ಅರ್ಧ ತಂಬಿಗೆ ನೀರು. ಮೊದಲ ದಿನವೇ ಸಿಕ್ಕಿಬಿದ್ದೆ.

"ಮನಿಗೆ ಬಂದವರಿಗೆ ಅರ್ಧ ತಂಬಿಗಿ ಕೊಡ್ತೀರೇನ್ರಿ? ಬದನಿ ಹೋದ್ರ ಹೋಗ್ಲಿ, ಮಾನ ಉಳೀಲಿ," ಎಂದಳು ಶಕುಂತಲಾ. ಹಾಗೆಂದವಳು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತವರಿನ ಬದನೆ ಅದು.

ಮುಂದಿನ ವಾರ ಹೇಳದೆ ಕೇಳದೆ ಅತ್ತೆಯೇ ಬಂದಿಳಿದರು. ಶಕುಂತಲಾ ತುಂಬಿದ ತಂಬಿಗೆ ತಂದಳು. ಅತ್ತೆ ಎರಡು ಗುಟುಕು ಕುಡಿದು, ಉಳಿದದ್ದನ್ನು ಹಿಡಿದು ನೇರವಾಗಿ ಪರಾತದ ಕಡೆ ನಡೆದರು. ಅಲ್ಲಿ ಮಣ್ಣು, ರಟ್ಟು ಕಲೆತು ಹುಗ್ಗಿಯಾಗಿತ್ತು. ಅವರು ಅದನ್ನು ನೋಡಿದರು. ಆಮೇಲೆ ಕಟ್ಟೆಯ ಕೆಳಗೆ ಕಣ್ಣು ಹಾಯಿಸಿದರು. ಪರಾತ ತುಂಬಿ ಚೆಲ್ಲಿದ ನೀರು ಎಲ್ಲಿ ಬೀಜವನ್ನು ಕೊಚ್ಚಿ ಇಳಿಸಿತ್ತೋ ಅಲ್ಲೆಲ್ಲ, ಗೋಡೆಯ ಬುಡದ ಹಸಿ ಮಣ್ಣಿನಲ್ಲಿ, ನೇರಳೆ ದಂಟಿನ ಪುಟ್ಟ ಸಸಿಗಳು ಎದ್ದು ನಿಂತಿದ್ದವು.

ಬಗ್ಗಲಾಗದ ಅತ್ತೆ ಕಟ್ಟೆ ಹಿಡಿದುಕೊಂಡು ಬಗ್ಗಿದರು. "ನಮ್ಮವ ಇವು," ಎಂದರು. ಮೇಲೆದ್ದು ನನ್ನ ಕಡೆ ತಿರುಗಿ, "ಬಂದವರಿಗೆ ನೀರ ಕೊಡೂದ್ರಾಗ ನಿಮ್ಮ ಕೈ ಭಾಳ ದೊಡ್ಡದು ಬಿಡ್ರಿ ಅಳ್ಯಾರ," ಎಂದರು. ಶಕುಂತಲಾ ನನ್ನನ್ನು ನೋಡಿದಳು. ನಾನು ಮಲ್ಲಿಗೆ ಗಿಡವನ್ನು ನೋಡಿದೆ.

ಈಗ ಯಾರೇ ಬಂದರೂ ತುಂಬಿ ತುಳುಕುವ ತಂಬಿಗೆಯನ್ನು ನಾನೇ ಓಡಿ ತಂದು ಕೊಡುತ್ತೇನೆ. ಕೊಟ್ಟು, ಅವರ ಗಂಟಲನ್ನೇ ನೋಡುತ್ತ ಕೂಡುತ್ತೇನೆ. ಎಲ್ಲಿ ಪೂರ್ತಿ ಕುಡಿದುಬಿಡುತ್ತಾರೋ ಎಂಬ ಚಿಂತೆ. ಬ್ಯಾಡಗಿಯ ಗೆಳೆಯನನ್ನು ಕಂಡರಂತೂ ಎದೆ ಧಸಕ್ಕೆನ್ನುತ್ತದೆ.