ಕೈಯೇ ಕೈಕೊಟ್ಟಾಗ

“ಹನ್ನೆರಡು ದಿನ! ಹದಿಮೂರನೇ ದಿನ ನನಗೆ ಬೇಕಾಗೇ ಇಲ್ಲ!” ಎಂದು ಅನುರಾಗ ಸಾಂತಾಕ್ರೂಜ್‌ನ ತನ್ನ ಫ್ಲ್ಯಾಟಿನ ಹಾಲಿನಲ್ಲಿ ನಿಂತು ಘೋಷಿಸಿದ. ಘೋಷಣೆಗೆ ಗತ್ತು ಬರಲೆಂದು ಬಲಗೈ ಎತ್ತಿದ. ಕೈ ನಡುಗಿತು. ಮೆಲ್ಲಗೆ ಅದನ್ನು ಜೇಬಿಗಿಳಿಸಿದ.

ಅನುರಾಗನಿಗೆ ಇಪ್ಪತ್ತೊಂಬತ್ತು ವರ್ಷ. ವೃತ್ತಿಯಲ್ಲಿ ಸ್ಟ್ರಕ್ಚರಲ್ ಆಡಿಟರ್. ಅಂದರೆ ಮುಂಬಯಿಯ ಹಳೇ ಬಿಲ್ಡಿಂಗುಗಳ ಕಂಬಗಳನ್ನು ಸುತ್ತಿಗೆಯಿಂದ ತಟ್ಟಿ, ಬಿರುಕು ಅಳೆದು, ಇದು ನಿಲ್ಲುತ್ತದೆ, ಇದು ಬೀಳುತ್ತದೆ ಎಂದು ಬರೆದುಕೊಡುವ ದೊಡ್ಡ ಮನುಷ್ಯ. ಪರೇಲಿನ ಎಂಬತ್ತು ವರ್ಷದ ಚಾಳ್ ಕಟ್ಟಡಕ್ಕೆ ‘ಅಲುಗಾಟವಿಲ್ಲ’ ಎಂದು ಸರ್ಟಿಫಿಕೇಟು ಕೊಟ್ಟ ಈ ಮಹಾನುಭಾವನಿಗೆ, ಎರಡು ವಾರದ ಹಿಂದೆ ತನ್ನ ಹಸುಗೂಸನ್ನು ಎತ್ತಿಕೊಳ್ಳಲು ಹೋದಾಗ ಕೈ ಗಡಗಡ ನಡುಗಿತ್ತು. ನಂಬಿದ ಕೈಯೇ ಕೈಕೊಟ್ಟಿತ್ತು! ಅಂದಿನಿಂದ ಅವನು ಮಗಳನ್ನು ಮುಟ್ಟಿಲ್ಲ. ತೊಟ್ಟಿಲಿನಿಂದ ಎರಡಡಿ ದೂರ ನಿಂತು, ಕೈಕಟ್ಟಿಕೊಂಡು ಮುದ್ದು ಮಾಡುತ್ತಾನೆ.

ಇನ್ನು ಹನ್ನೆರಡು ದಿನಕ್ಕೆ ನಾಮಕರಣ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅಪ್ಪನಾದವನು ಉಂಗುರದಿಂದ ಮಗುವಿನ ಹೆಸರು ಬರೆಯಬೇಕು. ಆಮೇಲೆ ಎಲ್ಲರೆದುರು ಮಗುವನ್ನು ಎತ್ತಿಕೊಂಡು ಕಿವಿಯಲ್ಲಿ ಹೆಸರು ಹೇಳಬೇಕು. ಬೀಳಿಸಿಬಿಟ್ಟರೆ?

“ಡಾಕ್ಟರ ಹತ್ರ ಹೋಗೋಣ ಅಂದ್ರೆ ಕೇಳಲ್ಲ ನೀವು,” ಎಂದಳು ಹೆಂಡತಿ ಇಂಚರಾ.

“ಮನೇಲೇ ಆಡಿಟರ್ ಇರುವಾಗ ಡಾಕ್ಟರ್ ಯಾಕೆ? ನನ್ನ ಬಾಡಿ ನಾನೇ ಆಡಿಟ್ ಮಾಡ್ತೀನಿ. ಕಾರಣ ಹಿಡೀತೀನಿ, ರಿಪೇರಿ ಮಾಡ್ತೀನಿ, ಪಾಪೂನ ಎತ್ಕೋತೀನಿ. ಖತಮ್!”

“ಬಿಲ್ಡಿಂಗಿಗೆ ಬಾಯಿಲ್ಲ, ನೀವು ಬರೆದಿದ್ದೇ ವೇದ. ಬಾಡಿಗೆ ಬಾಯಿದೆ. ಅದೂ ನಿಮ್ಮ ಬಾಯಿ!”

ಅನುರಾಗ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊಬೈಲ್ ತೆರೆದು ಹರೆಯದವರ ಕೈ ನಡುಕಕ್ಕೆ ಕಾರಣ ಹುಡುಕಿದ. ಥೈರಾಯ್ಡ್ ಏರಿರಬಹುದು. ಸಕ್ಕರೆ ಇಳಿದಿರಬಹುದು. ಬಿ-ಟ್ವೆಲ್ವ್ ಕಡಿಮೆಯಿರಬಹುದು. ಯಾವುದೋ ಮಾತ್ರೆಯ ಕಿತಾಪತಿ ಇರಬಹುದು, ನಿದ್ದೆಗೇಡಿರಬಹುದು, ಕಾಫಿ-ಚಹಾ ಇರಬಹುದು, ಗಾಬರಿ ಇರಬಹುದು, ವಂಶದಲ್ಲೇ ಬಂದಿರಬಹುದು. ಇಷ್ಟು ‘ಬಹುದು’ಗಳನ್ನು ಒಟ್ಟಿಗೆ ಕಂಡ ಮೇಲೆ ಎಂಥ ಗಟ್ಟಿಗನ ಕೈಯಾದರೂ ನಡುಗಲೇಬೇಕು! ಎಲ್ಲವನ್ನೂ ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ. ರಕ್ತಪರೀಕ್ಷೆ ಮಾಡಿಸಿದ, ಎಲ್ಲವೂ ಸರಿಯಾಗಿತ್ತು, ಮೂರು ಸಾಲು ಹೊಡೆದುಹಾಕಿದ. ಮಾತ್ರೆ ನುಂಗುವವನೇ ಅಲ್ಲ, ಮತ್ತೊಂದು ಹೋಯಿತು. ‘ಕಾಫಿ-ಚಹಾ’ದ ಎದುರು ‘ದಿನಕ್ಕೆ ಎರಡೇ ಲೋಟ. ಪಾಸ್!’ ಎಂದು ಬರೆದ.

ಜೊತೆಗೆ ದಿನಾ ಬೆಳಿಗ್ಗೆ ಪ್ರಯೋಗ. ಲೋಟದ ತುಂಬ ನೀರು ಹಿಡಿದು ಕೈ ಚಾಚಿ ಒಂದು ನಿಮಿಷ ನಿಲ್ಲುವುದು, ಚೆಲ್ಲಿದ್ದನ್ನು ಸ್ಕೇಲಿನಿಂದ ಅಳೆಯುವುದು. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅತ್ತೆ ನಾಗರತ್ನಾ ಎರಡು ದಿನ ಸುಮ್ಮನೆ ಒರೆಸಿದರು. ಮೂರನೇ ದಿನ, “ಅಳಿಯಂದಿರೇ, ಪುಣ್ಯಾಹ ಆಗಿಹೋಯ್ತಲ್ಲ, ಮತ್ತೆ ದಿನಾ ಯಾಕೆ ಪ್ರೋಕ್ಷಣೆ?” ಎಂದರು.

ಪಟ್ಟಿಯಲ್ಲಿ ವಂಶ ಬಾಕಿಯಿತ್ತು. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪ್ರಶ್ನೆ ಹಾಕಿದ. “ನಮ್ಮ ವಂಶದಲ್ಲಿ ಯಾರಿಗಾದರೂ ಕೈ ನಡುಗುತ್ತಿತ್ತೇ? ತುರ್ತಾಗಿ ತಿಳಿಸಿ.”

ಅರ್ಧ ಗಂಟೆಯಲ್ಲಿ ಬೆಂಗಳೂರಿನ ಸೋದರತ್ತೆಯ ಉತ್ತರ ಬಂತು. “ನಮ್ಮಲ್ಲಿ ಯಾರೂ ಕುಡೀತಿರಲಿಲ್ಲಪ್ಪ. ನೀನು ಯಾವಾಗಿಂದ?”

ಮುಗಿಯಿತು! ಮಧ್ಯಾಹ್ನದೊಳಗೆ ಚಿಕ್ಕಪ್ಪ ‘ಮನಸ್ಸು ಗಟ್ಟಿ ಮಾಡಿ ಬಿಟ್ಟುಬಿಡು’ ಎಂದು ಬರೆದರು. ‘ಹಿಡಿದೇ ಇಲ್ಲ, ಬಿಡುವುದು ಏನನ್ನು?’ ಎಂದು ಇವನು ಬರೆದ. ಅದಕ್ಕೆ ಹನ್ನೊಂದು ಜನ ಕೈಮುಗಿದ ಚಿತ್ರ ಹಾಕಿದರು.

ಸುದ್ದಿ ನಾಗರತ್ನಮ್ಮನವರ ಮೊಬೈಲಿಗೂ ಮುಟ್ಟಿತು. ಸಂಜೆ ಅಳಿಯ ಸ್ನಾನಕ್ಕೆ ಹೋದದ್ದೇ ತಡ, ಅವನ ಬ್ಯಾಗು ತಡಕಿದರು. ಸಿಕ್ಕೇಬಿಟ್ಟಿತು ಒಂದು ಬಾಟಲಿ! ಮುಚ್ಚಳ ತೆಗೆದರೆ ಗಪ್ಪೆಂದು ಸ್ಪಿರಿಟ್ ವಾಸನೆ. ದೇವರನ್ನು ನೆನೆಯುತ್ತ ಅದನ್ನು ಪಾತ್ರೆ ತೊಳೆಯುವ ಸಿಂಕಿಗೆ ಸುರಿದರು. ಸಿಂಕಿನಲ್ಲಿ ವಾಷಿಂಗ್ ಸೋಡಾ ಹಾಕಿ ನೆನೆಸಿದ್ದ ಬಾಣಲೆಯಿತ್ತು. ನೋಡನೋಡುತ್ತ ಬಾಣಲೆಯ ನೀರೆಲ್ಲ ಕಡುಗುಲಾಬಿ!

“ಅಯ್ಯಯ್ಯೋ ಇಂಚರಾ! ಬಾಣಲೆಗೇ ಹೀಗಾದ್ರೆ ಕರುಳಿನ ಗತಿ ಏನೇ!”

ಅನುರಾಗ ಟವೆಲ್ಲಿನಲ್ಲೇ ಓಡಿಬಂದ. “ಅತ್ತೇ! ಅದು ಕಾಂಕ್ರೀಟ್ ಪರೀಕ್ಷೆ ಮಾಡೋ ದ್ರಾವಣ, ಸೋಡಾ ತಗುಲಿದ್ರೂ ಬಣ್ಣ ತಿರುಗುತ್ತೆ! ಕಂಬಕ್ಕೆ ಹೊಡೆದ್ರೆ, ಒಳಗೆ ಗಟ್ಟಿ ಇದ್ದಲ್ಲಿ ಗುಲಾಬಿ ಬಣ್ಣ ಬರುತ್ತೆ!”

“ಕಂಬಕ್ಕೂ ಹೊಡೆಸ್ತೀರಾ?” ಎಂದು ನಾಗರತ್ನಾ ಕಣ್ಣೊರೆಸಿಕೊಂಡರು. “ಸಂಗದೋಷ ಅಂದ್ರೆ ಇದೇ.”

ಆ ಬಿಲ್ಡಿಂಗಿನ ಅರವತ್ತನಾಲ್ಕು ಮನೆಗಳಲ್ಲಿ ಇವರನ್ನು ಬಿಟ್ಟರೆ ಕನ್ನಡ ಬಲ್ಲವರು ಒಬ್ಬರೇ. ಕೆಳಮನೆಯ ಕಾಶಪ್ಪ, ವಿಜಯಪುರದ ಕಡೆಯವರು, ನಿವೃತ್ತ ರೈಲ್ವೆ ಗಾರ್ಡ್. ಹಿಂದಿ ಬಾರದ ನಾಗರತ್ನಮ್ಮ ತಮ್ಮ ದುಃಖವನ್ನು ಅವರೊಬ್ಬರ ಮುಂದಲ್ಲದೆ ಇನ್ನಾರ ಮುಂದೆ ತೋಡಿಕೊಳ್ಳಬೇಕು? ಮರುದಿನ ಬೆಳಿಗ್ಗೆ ಕಾಶಪ್ಪ ಕುಡಿತ ಬಿಡಿಸುವ ಕೇಂದ್ರದ ಚೀಟಿ ಹಿಡಿದು ಬಂದರು.

“ತಮ್ಮಾ, ನಾಚಿಕಿ ಬ್ಯಾಡ್ರಿ. ಗುರುವಾರ ಸಂಜಿಗೆ ಮೀಟಿಂಗ್ ಐತಿ. ನಾನ ಕರಕೊಂಡ ಹೋಗ್ತೀನಿ.”

“ಕಾಕಾ, ನಾನು ಕುಡಿಯೋದೇ ಇಲ್ಲ!”

“ಮೊದಲನೇ ದಿನ ಎಲ್ಲಾರೂ ಹಿಂಗ ಅಂತಾರ್ರಿ.”

ಕಾಶಪ್ಪ ಹೋದ ಮೇಲೆ ಇಂಚರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತಾಗ ಅವಳ ದನಿ ಬೇರೆಯಾಗಿತ್ತು. “ನಿಮ್ಮ ಆಡಿಟ್ ಸಾಕು ರೀ. ಇನ್ನೂ ಸ್ವಲ್ಪ ದಿನ ಹೀಗೇ ದೂರ ನಿಂತ್ರೆ, ಪಾಪೂಗೆ ನೀವ್ಯಾರು ಅಂತಾನೇ ಗೊತ್ತಾಗಲ್ಲ.”

ಅನುರಾಗನಿಗೆ ಅಳು ಬರುವಂತಾಯಿತು. ಹೆಂಡತಿಯ ಹಿಂದೆ ತೆಪ್ಪಗೆ ಹೊರಟ.

ಪರೇಲಿನ ಡಾಕ್ಟರ್ ಮೋಹಿನಿ ಮಂಗಳೂರಿನವರು. ಅವನ ಚಾಚಿದ ಕೈಮೇಲೆ ಕಾಗದವಿಟ್ಟು ನೋಡಿದರು, ಮೂಗು ಮುಟ್ಟಿಸಿದರು, ಸುರುಳಿ ಬರೆಸಿದರು, ರಕ್ತದ ರಿಪೋರ್ಟು ತಿರುವಿದರು.

“ಕಾಫಿ, ಚಹಾ ಎಷ್ಟು ಕುಡೀತೀರಿ?”

“ಎರಡೇ ಲೋಟ ಕಾಫಿ, ಮೇಡಂ.”

“ಕಟಿಂಗ್ ಚಹಾ?” ಎಂದಳು ಪಕ್ಕದಲ್ಲಿದ್ದ ಇಂಚರಾ.

“ಕಟಿಂಗ್ ಲೆಕ್ಕಕ್ಕೆ ಬರಲ್ಲ.”

“ಎಂತಕ್ಕೆ ಬರುದಿಲ್ಲ ಮಾರಾಯ್ರೆ?” ಡಾಕ್ಟರ್ ಕನ್ನಡಕ ತೆಗೆದರು.

“ಅರ್ಧ ಗ್ಲಾಸಿಗಿಂತ ಕಡಿಮೆ ಇರುತ್ತಲ್ಲ, ಮೇಡಂ. ನಮ್ಮ ಲೆಕ್ಕದಲ್ಲಿ ಅರ್ಧಕ್ಕಿಂತ ಕಡಿಮೆ ಇದ್ರೆ ರೌಂಡ್ ಮಾಡ್ತೀವಿ. ಸೊನ್ನೆ.”

“ಹಾಗಾದ್ರೆ ದಿನಕ್ಕೆ ಎಷ್ಟು ಸೊನ್ನೆ ಕುಡೀತೀರಿ?”

ಅನುರಾಗ ಬೆರಳು ಮಡಚತೊಡಗಿದ. ಆಡಿಟ್‌ಗೆ ಹೋದ ಬಿಲ್ಡಿಂಗ್ ಸೊಸೈಟಿಯ ಗೇಟಿನಲ್ಲಿ ಸೆಕ್ರೆಟರಿ ಕೊಡಿಸುವ ಕಟಿಂಗ್ ಚಹಾ ಒಂದು. ಟೆರೇಸ್ ಹತ್ತಿದ ಮೇಲೆ ಒಂದು. ಕೆಳಗಿಳಿದರೆ ಚೇರ್ಮನ್ನರದು. ಬೇಡವೆಂದರೆ, ಬಿಲ್ಡಿಂಗಿನಲ್ಲಿ ಏನೋ ಕೆಟ್ಟದ್ದು ಕಂಡಿದೆ, ಅದಕ್ಕೇ ಮುಖ ತಿರುಗಿಸುತ್ತಿದ್ದಾನೆ ಎಂದು ಅವರಿಗೆ ಅನುಮಾನ. ದಿನಕ್ಕೆ ನಾಲ್ಕು ಬಿಲ್ಡಿಂಗು, ಅದರ ಮೇಲೆ ಸ್ಟೇಷನ್ನಿನಲ್ಲಿ ಹೋಗುವಾಗ ಬರುವಾಗ ಒಂದೊಂದು. ಬೆರಳು ಸಾಲದೆ ಇಂಚರಾಳ ಕೈಯನ್ನೂ ಹಿಡಿದುಕೊಂಡ.

“ಹದಿನಾಲ್ಕು,” ಎಂದ ಸಣ್ಣಗೆ. “ಸೊನ್ನೆ.”

“ಮಧ್ಯಾಹ್ನ ಊಟ ಉಂಟಾ?”

“ಊಟದ ಹೊತ್ತಿಗೂ ಕಟಿಂಗ್ ಬರುತ್ತಲ್ಲ, ಮೇಡಂ.”

“ನಿದ್ದೆ ಕೇಳುದೇ ಬೇಡ, ಮನೆಯಲ್ಲಿ ಶಿಶು.” ಡಾಕ್ಟರ್ ಪೆನ್ನು ಕೆಳಗಿಟ್ಟರು. “ಚಹಾ ಒಂದು, ಖಾಲಿ ಹೊಟ್ಟೆ ಒಂದು, ನಿದ್ದೆ ಇಲ್ಲದ್ದು ಒಂದು, ಅದರ ಮೇಲೆ ಬೀಳಿಸ್ತೇನೆ ಅಂತ ಹೆದರಿಕೆ. ನನಗೆ ಕಾಣುವುದು ಇಷ್ಟೇ. ಚಹಾ ಇಳಿಸಿ, ಉಣ್ಣಿ, ಮಲಗಿ. ಒಂದು ತಿಂಗಳಲ್ಲಿ ಸರಿಯಾಗದಿದ್ರೆ ಬನ್ನಿ, ಮತ್ತೆ ನೋಡುವ. ಮತ್ತೆ, ಕೂತ್ಕೊಂಡು ಮಗುವನ್ನು ತೊಡೆ ಮೇಲೆ ಇಟ್ಕೊಳ್ಳಬಹುದಲ್ಲ? ಅದು ಎಲ್ಲಿಗೆ ಬೀಳ್ತದೆ?”

ತೊಡೆ! ಕಂಬ ತೊಲೆಗಳ ಪಂಡಿತನಿಗೆ ತನಗೆ ತೊಡೆಗಳಿವೆಯೆಂಬುದೇ ಹೊಳೆದಿರಲಿಲ್ಲ. ಆದರೆ ಅವನಿಗೆ ಈಗ ಛಲ ಹತ್ತಿತ್ತು. ಎತ್ತಿಕೊಂಡರೆ ನಿಂತೇ ಎತ್ತಿಕೊಳ್ಳುವುದು, ಒಂದಿಷ್ಟೂ ಅಲುಗದ ಕೈಯಿಂದಲೇ! ಎಂಟು ದಿನ ಉಳಿದಿತ್ತು. ಕಟಿಂಗುಗಳನ್ನು ಹದಿನಾಲ್ಕರಿಂದ ಎಂಟಕ್ಕೆ, ಎಂಟರಿಂದ ಮೂರಕ್ಕೆ, ಮೂರರಿಂದ ನಿಜವಾದ ಸೊನ್ನೆಗೆ ಇಳಿಸಿದ. ತಲೆ ಸಿಡಿಯಿತು, ಹಲ್ಲು ಕಚ್ಚಿದ. ಪವಾಯಿಯ ಸೊಸೈಟಿಯೊಂದರಲ್ಲಿ ಚಹಾ ಬದಲು ಮಜ್ಜಿಗೆ ಬಾಟಲಿ ತೆಗೆದಾಗ ಚೇರ್ಮನ್ನರ ಮುಖ ಬಿಳಿಚಿತು. “ಸಾಬ್, ಸಚ್ ಬತಾವೋ, ಬಿಲ್ಡಿಂಗ್ ಗಿರೇಗಾ ಕ್ಯಾ?” ಬಿಲ್ಡಿಂಗ್ ಬೀಳುತ್ತದೆಯೇ ಎಂದು ಅವರ ಆತಂಕ!

ಡಬ್ಬಿಯ ಊಟ ಬಿಡದೆ ಉಂಡ. ಲೋಕಲ್‌ನಲ್ಲಿ ಸೀಟು ಸಿಕ್ಕರೆ ನಿದ್ದೆ, ಸಿಗದಿದ್ದರೆ ನಿಂತೇ ನಿದ್ದೆ. ದಿನದಿಂದ ದಿನಕ್ಕೆ ನೆಲದ ಮೇಲಿನ ನೀರು ಕಡಿಮೆಯಾಯಿತು. ನಾಮಕರಣದ ಬೆಳಿಗ್ಗೆ ಲೋಟದಿಂದ ಒಂದು ಹನಿಯೂ ಚೆಲ್ಲಲಿಲ್ಲ!

ಹಾಲ್ ತುಂಬ ಜನ. ಮಗು ಇಂಚರಾಳ ತೊಡೆಯ ಮೇಲಿತ್ತು. ಅನುರಾಗ ಉಂಗುರ ಹಿಡಿದು ಅಕ್ಕಿಯ ಮೇಲೆ ‘ಧಾತ್ರಿ’ ಎಂದು ಬರೆದ. ಒತ್ತು, ಗುಡಿಸು, ದೀರ್ಘ ಎಲ್ಲವೂ ಡ್ರಾಯಿಂಗ್ ಶೀಟಿನಲ್ಲಿದ್ದಂತೆ ನೆಟ್ಟಗೆ! ಬಗ್ಗಿ ನೋಡಿದ ಕಾಶಪ್ಪನವರ ಕಣ್ಣು ತುಂಬಿಬಂತು. “ಬಿಟ್ಟ ಎಂಟ ದಿನದಾಗ ಎಂಥಾ ಅಕ್ಷರ ಬಂದಾವ್ರಿ!”

ಅನುರಾಗ ಎದ್ದು ನಿಂತು ಎರಡೂ ಕೈ ಚಾಚಿದ. ಇಂಚರಾ ಮಗಳನ್ನು ಆ ಕೈಗಳಲ್ಲಿಟ್ಟಳು. ಹತ್ತಿರ ಹತ್ತಿರ ಒಂದು ತಿಂಗಳಾದ ಮೇಲೆ! ಎಷ್ಟು ಬೆಚ್ಚಗಿದ್ದಾಳೆ, ಎಷ್ಟು ಭಾರವಾಗಿದ್ದಾಳೆ! ಅವನ ಕೈ ಒಂದಿಷ್ಟೂ ಅಲುಗಲಿಲ್ಲ. ಮೊಣಕೈ ತೊಂಬತ್ತು ಡಿಗ್ರಿ, ಬೆನ್ನು ನೇರ, ಉಸಿರು ಬಂದ್. ಕಿವಿಯಲ್ಲಿ ಮೂರು ಸಲ ಹೆಸರು ಹೇಳಿ, ಗೆದ್ದ ಸೇನಾಪತಿಯ ಹಾಗೆ ಸುತ್ತ ನೋಡಿದ.

ಧಾತ್ರಿ ಅವನ ಮುಖ ನೋಡಿದಳು. ತುಟಿ ಸೊಟ್ಟಗಾಯಿತು. ಮರುಕ್ಷಣ ಅರವತ್ತನಾಲ್ಕು ಮನೆಗೂ ಕೇಳುವಂತೆ ಕಿರುಚಿದಳು! ಗಾಬರಿಯಾದ ಅನುರಾಗ ಇನ್ನಷ್ಟು ಬಿಗಿದು ನಿಂತ. ಅವನು ಬಿಗಿದಷ್ಟೂ ಅವಳು ಕಿರುಚಿದಳು. ಒಬ್ಬರು ಗಿಲಕಿ ತಂದರು, ಇನ್ನೊಬ್ಬರು ಚಪ್ಪಾಳೆ ತಟ್ಟಿದರು. ಏನೂ ಉಪಯೋಗವಾಗಲಿಲ್ಲ.

ಕಡೆಗೆ ನಾಗರತ್ನಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದರು. “ಅಯ್ಯೋ, ಹಾಗೆ ಕಲ್ಲಿನ ಥರ ನಿಂತ್ಕೊಂಡ್ರೆ ಯಾವ ಮಗು ಸುಮ್ಮನಾಗುತ್ತೆ, ಅಳಿಯಂದಿರೇ? ಸ್ವಲ್ಪ ಕೈ ನಡುಗಿಸಿ!”